ಹಿತ್ತಲ ಸೊಪ್ಪು ತೊಳೆದರೆ ಸಾಕೇ?

ಬೆಂಗಳೂರಿನ ವೃಷಭಾವತಿ ನದಿಯ ನೀರು ಹಾಯಿಸಿ ಹಿತ್ತಲಲ್ಲಿ ಬೆಳೆದ ಸೊಪ್ಪನ್ನು ಉಪ್ಪುನೀರಲ್ಲಿ ನೆನೆಸಿ ತೊಳೆದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಎಲೆಗಂಟಿದ ಮಣ್ಣು, ದೂಳಿನ ಜೊತೆ, ಆ ನೀರಿನಿಂದ ಬಂದ ಸೀಸದ ಒಂದು ಪಾಲು ಹೋದೀತು. ಆದರೆ ಕ್ಯಾಡ್ಮಿಯಂ ಎಂಬ ವಿಷಲೋಹ ಬೇರಿನಿಂದಲೇ ಏರಿ ಎಲೆಯೊಳಗೆ ಕೂತಿರುತ್ತದೆ. ಕುದಿಸಿದರೂ ನಾಶವಾಗದು. ವೃಷಭಾವತಿಯಲ್ಲಿ ಹರಿಯುವುದು ಬರೀ ಮನೆಗಳ ಕೊಳಚೆಯಲ್ಲ, ಕಾರ್ಖಾನೆಗಳದ್ದೂ ಇದೆ. ಆ ನೀರುಂಡ ಮಡಿಯಲ್ಲಿ ಪಾಲಕ್, ದಂಟು, ಮೂಲಂಗಿ ಬೇಡ. (ಗಿಡ ಸೊಂಪಾಗಿದೆ ಅಂದಿರಿ; ಲೋಹವಿದ್ದೂ ಗಿಡ ಸೊಂಪಾಗಿರಬಹುದು.) ಟೊಮೆಟೊ, ಅವರೆಗಳಿಗೆ ಏರುವುದು ಕಡಿಮೆ. ಸೊಪ್ಪು ಬೇಕೇ ಬೇಕೆಂದರೆ ಬೇರೆ ಕಡೆಯ ಮಣ್ಣು ತುಂಬಿದ ಕುಂಡದಲ್ಲಿ, ಒಳ್ಳೆಯ ನೀರು ಹಾಕಿ ಬೆಳೆಯಿರಿ.

ಮೊಮ್ಮಗು ಆ ಮಣ್ಣಲ್ಲಿ ಆಡುತ್ತದೆ ಎಂದಿದ್ದೀರಲ್ಲ, ನನಗೆ ಸೊಪ್ಪಿಗಿಂತ ಅದೇ ಚಿಂತೆ. ಮಕ್ಕಳ ವೈದ್ಯರಲ್ಲಿ ಕೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮುಟ್ಟಿದರೂ ಮೂಲ ಹುಡುಕಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.