ಸಾಕಿದ ಮಗುವಿಗೆ ಹಕ್ಕೂ ಕೊಡಿ
ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ನಮ್ಮ ಮಂದಿಗೆ ಬೀದರ್, ಕಲಬುರಗಿ ಕಡೆಯ ನೆಂಟಸ್ತನ ಹೊಸದಲ್ಲ. ಮಕ್ಕಳಿಲ್ಲದ ಅಕ್ಕನ ಮಡಿಲಿಗೆ ತಂಗಿ ತನ್ನ ಕೂಸನ್ನು ಹಾಕುವುದೂ ಹೊಸದಲ್ಲ. ಜ್ವರ ಬಂದ ರಾತ್ರಿ ಹಣೆಗೆ ಒದ್ದೆ ಬಟ್ಟೆ ಇಟ್ಟು ಎಚ್ಚರ ಕೂತವಳೇ ತಾಯಿ. ನನಗಂತೂ ಇದರಲ್ಲಿ ಅನುಮಾನವಿಲ್ಲ. ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ಅಪ್ಪನೆಂದು ಕರೆದರು, ರಕ್ತ ನೋಡಿ ಅಲ್ಲ.

ಆದರೆ ಪ್ರೀತಿಯಷ್ಟೇ ಸಾಲದು, ಕಾಗದವೂ ಬೇಕು. ಬಾಯಿಮಾತಿನಲ್ಲಿ ಕೊಟ್ಟ ಮಗು ಮುಂದೆ ಹೊಲದ ಪಾಲು ಕೇಳಿದಾಗ ದಾಯಾದಿಗಳು ಸಾಕ್ಷಿ ಕೇಳುತ್ತಾರೆ. 1956ರ ಹಿಂದೂ ದತ್ತಕ ಕಾಯ್ದೆಯಂತೆ ದತ್ತುಮಗುವಿಗೆ ಹೊಸ ಮನೆಯಲ್ಲಿ ಹೆತ್ತ ಮಗುವಿನ ಸ್ಥಾನವೇ ಇದೆ. ಕೊಟ್ಟವರು, ಪಡೆದವರು ಇಬ್ಬರೂ ಸಹಿ ಹಾಕಿದ ಪತ್ರ ನೋಂದಣಿಯಾಗಿದ್ದರೆ, ಸುಳ್ಳೆಂದು ಸಾಬೀತಾಗುವವರೆಗೆ ನ್ಯಾಯಾಲಯ ಅದನ್ನು ನಂಬುತ್ತದೆ. ಮಗುವಿಗೆ 15 ತುಂಬುವ ಮೊದಲೇ ಈ ಕೆಲಸ ಮುಗಿಸಿ. ಬೇರೆ ಧರ್ಮದವರಿಗೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ ದಾರಿಯಿದೆ. ಅನಾಥ ಕೂಸು ಕಂಡರೆ ಮನೆಗೆ ಒಯ್ಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದುಡ್ಡಿಗೆ ಮಗು ಕೊಡಿಸುತ್ತೇನೆ ಎನ್ನುವವರನ್ನು ಹೊಸಿಲು ತುಳಿಯಲು ಬಿಡಬೇಡಿ.

ಸತ್ಯವನ್ನು ಮಗುವಿಗೆ ನೀವೇ, ಚಿಕ್ಕಂದಿನಲ್ಲೇ, ಕತೆಯಂತೆ ಹೇಳಿ. ಇಲ್ಲದಿದ್ದರೆ ಯಾವುದೋ ಮದುವೆಮನೆಯ ಪಂಕ್ತಿಯಲ್ಲಿ ಯಾರೋ "ಇವ ನಿಮ್ಮ ಸ್ವಂತ ಮಗನೇನು?" ಎಂದು ಕೇಳಿಬಿಡುತ್ತಾರೆ, ತುತ್ತು ಕೈಯಲ್ಲೇ ಹಿಡಿದು ಹುಡುಗ ನಿಮ್ಮ ಮುಖ ನೋಡುತ್ತಾನೆ. ಆಗ ತಡವರಿಸದೆ "ಹೌದು, ನಮ್ಮ ಮಗ" ಎನ್ನಿ. ಹಾಗೆ ಕೇಳುವ ಚಟವಿದ್ದವರು ದಯವಿಟ್ಟು ಇವತ್ತಿನಿಂದಲೇ ಬಿಟ್ಟುಬಿಡಿ.