ನೀರೊಳಗಿನ ರಿವರ್ಸ್ ಗೇರ್

ಕಾರು ಕಲಿಯುವಾಗ ರಿವರ್ಸ್ ಕೈಗೆ ಹತ್ತಿದ ಮೇಲೇ ಪೇಟೆಯೊಳಗೆ ಗಾಡಿ ತರುವ ಧೈರ್ಯ ಬರುವುದು. ಸ್ಕೂಬಾದಲ್ಲಿ ಮಾತ್ರ ರಿವರ್ಸ್ ಗೊತ್ತಿಲ್ಲದೆಯೇ ವರ್ಷಗಟ್ಟಲೆ ಡೈವ್ ಮಾಡುವವರಿದ್ದಾರೆ. ನೇತ್ರಾಣಿ ದ್ವೀಪದ ಬಂಡೆ ಸಂದಿಯಲ್ಲಿ ಮೊರೆ ಈಲ್ ಕಂಡಿತೆಂದು ತಲೆ ತೂರಿಸುತ್ತಾರೆ. ಹೊರಬರುವಾಗ ಕೈ ಬಡಿಯುತ್ತಾರೆ, ಇಲ್ಲವೇ ಹವಳಕ್ಕೇ ಕೈಯೂರಿ ಹಿಂದೆ ಸರಿಯುತ್ತಾರೆ. ಹವಳ ಕಲ್ಲಲ್ಲ, ಜೀವ. ಪಕ್ಕದಲ್ಲೇ ಲಯನ್‌ಫಿಶ್ ಇದ್ದರೆ ಅದರ ಮುಳ್ಳಿನ ವಿಷ ಕೈಗೂ ಸಿಗುತ್ತದೆ.

ಓಪನ್ ವಾಟರ್ ಕೋರ್ಸ್ ಮುಗಿಸಿ, ಏರದೆ ಇಳಿಯದೆ ನೀರಲ್ಲಿ ತೇಲಿ ನಿಲ್ಲಬಲ್ಲವರಿಗಾಗಿ, ಕಾಲಿನ ಫಿನ್ ಬಳಸಿ ಹಿಂದಕ್ಕೆ ಈಜುವ ಈ ಪಾಠ. ತರಬೇತುದಾರರು ಹಿಡಿದುಕೊಂಡು ತೋರಿಸುವ ಮೊದಲ ಡೈವ್‌ಗೆ ಇದರ ಗೊಡವೆ ಬೇಡ.

ಹಂತ 1: ಫಿನ್ ಆರಿಸುವುದು

ಫಿನ್‌ಗಳಲ್ಲಿ ಎರಡು ಜಾತಿ. ಬರಿಗಾಲಿಗೆ ಶೂನಂತೆ ಏರಿಸುವ ಫುಲ್ ಫುಟ್ ಒಂದು. ಬೂಟಿ ಹಾಕಿಕೊಂಡು, ಹಿಮ್ಮಡಿಗೆ ಪಟ್ಟಿ ಬಿಗಿಯುವ ಓಪನ್ ಹೀಲ್ ಇನ್ನೊಂದು. ನನ್ನ ಓಟು ಎರಡನೆಯದಕ್ಕೆ. ಹಿಂದಕ್ಕೆ ಈಜುವಾಗ ನೀರು ಫಿನ್ನನ್ನು ಕಾಲಿನಿಂದ ಕಳಚಿ ಎಳೆಯುತ್ತದೆ. ಸಡಿಲವಾಗಿದ್ದ ಫುಲ್ ಫುಟ್ ಫಿನ್ ಹಾಗೇ ಜಾರಿಹೋಗಬಹುದು. ಬಕಲ್ ಇರುವ ರಬ್ಬರ್ ಪಟ್ಟಿಗಿಂತ ಸ್ಪ್ರಿಂಗ್ ಪಟ್ಟಿ ಒಳ್ಳೆಯದು. ಅಂಗಡಿಯಲ್ಲಿ ಬೂಟಿ ಹಾಕಿಯೇ ಫಿನ್ ತೊಡಿ, ಕಾಲೆತ್ತಿ ಜೋರಾಗಿ ಕೊಡವಿ. ಹಿಮ್ಮಡಿ ಅಲುಗಬಾರದು, ಬೆರಳು ಮುದುಡಬಾರದು.

ಇನ್ನು ಅಲಗು. ಗಿಡ್ಡ, ಅಗಲ, ಗಟ್ಟಿ: ಮೂರೂ ಬೇಕು. ನಡುವೆ ಸೀಳಿರುವ ಸ್ಪ್ಲಿಟ್ ಫಿನ್ ಮುಂದಕ್ಕೆ ಹೋಗುವಾಗ ಮೊಣಕಾಲಿಗೆ ಹಗುರ, ಹಿಂದಕ್ಕೆ ಮಾತ್ರ ನಿಷ್ಪ್ರಯೋಜಕ. ನೀರನ್ನು ಹಿಡಿಯುವ ಬಿಗಿಯೇ ಅದಕ್ಕಿಲ್ಲ. ಫ್ರೀಡೈವಿಂಗ್‌ನ ಉದ್ದನೆಯ ಫಿನ್ನೂ ಬೇಡ. 1960ರ ದಶಕದಲ್ಲಿ ಫ್ರಾನ್ಸ್‌ನ ಜಾರ್ಜ್ ಬೂಷಾ ತಂದ ಜೆಟ್ ಫಿನ್ ಮಾದರಿಯ ಭಾರವಾದ ಕಪ್ಪು ರಬ್ಬರ್ ಫಿನ್ನೇ ಇಂದಿಗೂ ಟೆಕ್ನಿಕಲ್ ಡೈವರ್‌ಗಳಿಗೆ ಅಚ್ಚುಮೆಚ್ಚು. ಅವರನ್ನು ನೋಡಿ ನೀವೂ ಕೊಳ್ಳಲು ಓಡಬೇಡಿ. ತಣ್ಣೀರಿನ ಡ್ರೈಸೂಟ್‌ನಲ್ಲಿ ಗಾಳಿ ಪಾದಕ್ಕೆ ಸರಿದು ಕಾಲು ಮೇಲೇಳುತ್ತದೆ. ಅಲ್ಲಿ ಆ ಭಾರ ವರ. ನಮ್ಮ ಬೆಚ್ಚನೆಯ ಕಡಲಲ್ಲಿ, 3 ಮಿ.ಮೀ. ವೆಟ್‌ಸೂಟಿನಲ್ಲಿ, ಅದೇ ಭಾರ ಕಾಲನ್ನು ಕೆಳಕ್ಕೆ ಜಗ್ಗುತ್ತದೆ. ವಿಮಾನದ ಲಗೇಜಿಗೂ ಹೊರೆ. ಅದೇ ಆಕಾರದ ಹಗುರ ಫಿನ್ ನೋಡಿ. ಕೊಳ್ಳುವ ಮೊದಲು ಒಂದೆರಡು ಜೊತೆ ಬಾಡಿಗೆಗೆ ಪಡೆದು ಈಜಿ.

ಹಂತ 2: ಮಂಚದ ಮೇಲೆ

ನಗಬೇಡಿ, ಇದು ಫಲಿಸುತ್ತದೆ. ಮೊಣಕಾಲು ಅಂಚಿನಾಚೆ ಬರುವಂತೆ ಬೋರಲು ಮಲಗಿ. ಕಾಲು ಚಾಚಿ. ಈಗ ಪಾದವನ್ನು ಮೊಣಕಾಲಿನ ಕಡೆಗೆ ಮಡಿಸಿ, ಬೆರಳುಗಳನ್ನು ಹೊರಕ್ಕೆ ತಿರುಗಿಸಿ, ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳಿ. ಕೆಲಸವೆಲ್ಲ ಪಾದದ ಗಂಟಿನದು, ತೊಡೆಯದಲ್ಲ. ಗಂಟು ಬಿಗಿಯಾಗಿದ್ದವರಿಗೆ ಎರಡು ವಾರ ಬೇಕಾದೀತು.

ಹಂತ 3: ಈಜುಕೊಳದಲ್ಲಿ ಮಟ್ಟಸ

ಜೊತೆಗಾರರೊಂದಿಗೆ ಇಳಿಯಿರಿ. ತಳದಿಂದ ಒಂದು ಮೀಟರ್ ಮೇಲೆ, ಮೈ ಅಡ್ಡಡ್ಡವಾಗಿ, ಮೊಣಕಾಲು ಮಡಿಸಿ, ಕೈ ಮುಂದೆ ಜೋಡಿಸಿ ಸುಮ್ಮನೆ ನಿಲ್ಲಿ. ಕಾಲು ಕೆಳಗೆ ಜೋತಿದ್ದರೆ ಹಿಂದಕ್ಕೆ ಒದ್ದ ಒದೆತ ನಿಮ್ಮನ್ನು ಕೆಳಕ್ಕೋ ಓರೆಗೋ ಒಯ್ಯುತ್ತದೆ. ಈ ಹಂತ ದಾಟುವವರೆಗೆ ಮುಂದಿನದು ವ್ಯರ್ಥ.

ಹಂತ 4: ಎಳೆತ

ಎರಡೂ ಫಿನ್ ಜೋಡಿಸಿ, ಚೂಪಾಗಿ, ಮೆಲ್ಲಗೆ ಹಿಂದಕ್ಕೆ ಚಾಚಿ. ಇಲ್ಲಿ ರಭಸ ತೋರಿದರೆ ಮುಂದಕ್ಕೆ ಹೋಗುತ್ತೀರಿ. ನಂತರ ಮಂಚದ ಮೇಲೆ ಮಾಡಿದಂತೆಯೇ ಪಾದ ಮಡಿಸಿ, ಹೊರಕ್ಕೆ ತೆರೆಯಿರಿ. ಫಿನ್ನಿನ ಹೊರ ಅಂಚು ನೀರನ್ನು ಹಿಡಿದದ್ದು ಗೊತ್ತಾಗಬೇಕು. ಹಿಡಿದ ನೀರನ್ನು ತಲೆಯ ದಿಕ್ಕಿಗೆ ಎಳೆದು ಬಿಡಿ. ಒಂದು ಕ್ಷಣ ನಿಲ್ಲಿ, ಮೈ ತಾನಾಗಿ ಸರಿಯಲಿ. ಎಷ್ಟೇ ಗಮನ ಕಾಲಿನ ಮೇಲಿದ್ದರೂ ಉಸಿರು ಬಿಗಿಹಿಡಿಯಬೇಡಿ. ಸ್ಕೂಬಾದಲ್ಲಿ ಆ ತಪ್ಪು ಶ್ವಾಸಕೋಶಕ್ಕೇ ಅಪಾಯ.

ಹಂತ 5: ಗೋಡೆಯ ಪರೀಕ್ಷೆ

ಗೋಡೆಗೆ ಬೆರಳ ತುದಿ ತಾಗಿಸಿ ಶುರುಮಾಡಿ; ತಳದ ಟೈಲ್ಸ್ ಎಣಿಸಿ. ನಾನು ಮೊದಲ ದಿನ ಹತ್ತು ಎಳೆತ ಹಾಕಿ ತಲೆಯೆತ್ತಿದಾಗ ಮೂಗಿನ ಮುಂದೆಯೇ ಗೋಡೆ ಇತ್ತು! ಕಾಲು ಚಾಚುವಾಗಿನ ಅವಸರವೇ ಕಾರಣ. ಅರ್ಧ ವೇಗಕ್ಕಿಳಿಸಿದ ಮೇಲೆ ಒಂದು ಟೈಲ್ ಹಿಂದೆ ಸರಿದೆ. ಜೊತೆಗಾರರ ಕೈಲಿ ವಿಡಿಯೊ ಮಾಡಿಸಿ ನೋಡಿ. ನೇರವಾಗಿದ್ದೇನೆ ಎಂದುಕೊಂಡವರ ಮೊಣಕಾಲು ಹೊಟ್ಟೆಯಡಿ ಬಂದಿರುತ್ತದೆ. ಐದು ಎಳೆತಕ್ಕೆ ಒಂದೂವರೆ ಮೀಟರ್ ಸರಿದರೆ ಕಡಲಿಗೆ ಒಯ್ಯಬಹುದು. ಅಲ್ಲಿಯೂ ಮೊದಲು ಮರಳಿನ ಮೇಲೆ, ಬಂಡೆಯಿಂದ ದೂರ.

ಮಳೆಗಾಲದಲ್ಲಿ ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ದೋಣಿ ಹೊರಡುವುದಿಲ್ಲ. ಆ ತಿಂಗಳುಗಳಲ್ಲೂ ನಿಮ್ಮೂರಿನ ಈಜುಕೊಳ ತೆರೆದೇ ಇರುತ್ತದೆ.