ಹಳೇ ಕೇಸು ಮುಚ್ಚಿಟ್ಟು ವೀಸಾ ಕೇಳಬೇಡಿ

ಮದುವೆಯಾಗಿ ಅಮೆರಿಕಕ್ಕೆ ಹೊರಟಿದ್ದೀರಾ? ವಲಸೆ ವೀಸಾದ ಡಿಎಸ್-260 ಅರ್ಜಿಯಲ್ಲಿ, ನಿಮ್ಮನ್ನು ಎಂದಾದರೂ ಬಂಧಿಸಿದ್ದರೇ, ಶಿಕ್ಷೆಯಾಗಿತ್ತೇ ಎಂಬ ಪ್ರಶ್ನೆಯಿದೆ. ಕ್ಷಮಾದಾನ ಸಿಕ್ಕಿದ್ದರೂ ಹೇಳಲೇಬೇಕು. "ಅದು ಎಂದೋ ಮುಗಿದ ಕಥೆ, ಈಗ್ಯಾಕೆ ಕೆದಕ್ತೀಯ?" ಎನ್ನುವ ಸೋದರಮಾವಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ. ಬೇಕೆಂದೇ ಸತ್ಯ ಮರೆಮಾಚಿದ್ದೀರೆಂದು ಅಧಿಕಾರಿ ತೀರ್ಮಾನಿಸಿದರೆ, ಆ ಸುಳ್ಳೇ ಜೀವಮಾನದ ಅಡ್ಡಿಯಾಗಬಹುದು.

ಎಲ್ಲ ಕೇಸೂ ಒಂದೇ ತೂಕದ್ದಲ್ಲ. ಸಂಚಾರ ನಿಯಮ ಮುರಿದ ದಂಡಕ್ಕೆ ಹೆದರಬೇಕಿಲ್ಲ. ಕಳ್ಳತನ, ವಂಚನೆಯಂಥವು ಬೇರೆ, ಅವು ವೀಸಾಕ್ಕೇ ಅಡ್ಡಿಯಾಗಬಹುದು. ಒಂದೇ ಅಪರಾಧ, ಕಾನೂನಿನಲ್ಲಿ ಗರಿಷ್ಠ ಶಿಕ್ಷೆ 1 ವರ್ಷ ಮೀರದ್ದು, ವಿಧಿಸಿದ ಸೆರೆವಾಸ 6 ತಿಂಗಳು ದಾಟದ್ದು ಆದರೆ ವಿನಾಯಿತಿ ಉಂಟು. ನಮ್ಮವರು ಎಡವುವುದು ಇಲ್ಲೇ. 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 379ರಡಿ ಕಳ್ಳತನಕ್ಕೆ ಗರಿಷ್ಠ 3 ವರ್ಷ ಇತ್ತು. ಕೋರ್ಟು ಬರೀ ದಂಡ ಹಾಕಿ ಬಿಟ್ಟಿದ್ದರೂ ಈ ವಿನಾಯಿತಿ ಸಿಗದು. ಆಗ ಅಡ್ಡಿ ಮನ್ನಾ ಕೋರುವ ಐ-601 ಅರ್ಜಿ ಹಾಕಿ, ನೀವು ಹೋಗದಿದ್ದರೆ ಅಲ್ಲಿರುವ ಗಂಡ ಅಥವಾ ಹೆಂಡತಿಗೆ ಅತೀವ ಕಷ್ಟವಾಗುತ್ತದೆಂದು ಸಾಮಾನ್ಯವಾಗಿ ತೋರಿಸಬೇಕಾಗುತ್ತದೆ. ಮಾದಕವಸ್ತು ಕೇಸಿನಲ್ಲಿ ಆ ದಾರಿಯೂ ಕಿರಿದು: 30 ಗ್ರಾಂವರೆಗಿನ ಗಾಂಜಾ ಒಮ್ಮೆ ಸ್ವಂತಕ್ಕೆ ಇಟ್ಟುಕೊಂಡಿದ್ದರಷ್ಟೇ.

ಪಾಸ್‌ಪೋರ್ಟ್ ಸೇವಾ ಕೇಂದ್ರದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಪಿಸಿಸಿ) ಒಂದೇ ಸಾಲದು. ಶಿಕ್ಷೆಯಾಗಿದ್ದರೆ ತೀರ್ಪಿನ ದೃಢೀಕೃತ ನಕಲು ಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಬೇಕು. ಹಳೇ ಕಡತ ರೆಕಾರ್ಡ್ ರೂಮಿನಿಂದ ಹೊರಬರಲು ಕಾಲ ಹಿಡಿಯುತ್ತದೆ, ಈಗಲೇ ನಕಲಿಗೆ ಅರ್ಜಿ ಹಾಕಿ. ಆ ಕಾಗದವನ್ನು ಟ್ರಾವೆಲ್ ಏಜೆಂಟಿಗಲ್ಲ, ಅಮೆರಿಕದ ವಲಸೆ ವಕೀಲರಿಗೆ ತೋರಿಸಿ, ಅದೂ ಡಿಎಸ್-260 ಸಲ್ಲಿಸುವ ಮೊದಲೇ.